ಸಸಿ ಬೆಳೆಯಲಿಲ್ಲ, ಮಣ್ಣು ಬೆಳೆಯಿತು

"ರೀ, ಸ್ವಲ್ಪ ಹೊತ್ತು ಉಸಿರು ಬಿಡಬೇಡಿ. ಎಲೆ ಅಲ್ಲಾಡ್ತಿದೆ."

ಮೂವತ್ತೆರಡು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿ ನನಗೆ ಬಿಡಿಸಿದ ಅಭ್ಯಾಸಗಳು ಬಹಳ. ಉಸಿರಿಗೆ ಕೈಹಾಕಿದ್ದು ಇದೇ ಮೊದಲು. ನಾನು ಕೆನ್ನೆ ಉಬ್ಬಿಸಿಕೊಂಡು ನಿಂತೆ. ಅವಳು ಭೂತಗನ್ನಡಿ ಹಿಡಿದು, ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ, ಒಂದು ಮೆಣಸಿನ ಸಸಿಯ ಎಲೆಯನ್ನು ಬೆರಳ ತುದಿಯಿಂದ ಮಗುಚಿ ನೋಡುತ್ತಿದ್ದಳು.

"ಯಾರೋ ನನ್ನ ಸಸಿಗಳಿಗೆ ವಿಷ ಹಾಕ್ತಿದ್ದಾರೆ" ಎಂದು ಫೋಟೋ ಸ್ಟುಡಿಯೋದವನ ತಂಗಿ, ಅಲ್ಲಿ ಆಲ್ಬಂ ಅಂಟಿಸುವವಳು, ನಿನ್ನೆ ನಮ್ಮ ಬಾಗಿಲು ಬಡಿದಿದ್ದಳು. ಇವತ್ತು ಮಂಗಳವಾರ, ಮಧ್ಯಾಹ್ನ ಮೂರಕ್ಕೆ, ನಾವು ಆ ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿದ್ದೆವು.

ಟ್ರೇಯಲ್ಲಿ ಇಪ್ಪತ್ತೊಂದು ಪುಟ್ಟ ಕುಂಡಗಳು. ಇಪ್ಪತ್ತೊಂದು ಸಸಿಗಳು. ವಯಸ್ಸು ನಲವತ್ತೇಳು ದಿನ. ಈ ವಯಸ್ಸಿಗೆ ಗೇಣುದ್ದ ಎದ್ದು ಆರೆಂಟು ಎಲೆ ಬಿಡಬೇಕಾದವು, ಬೆರಳಿನ ಒಂದು ಗೆಣ್ಣಿನಷ್ಟೇ ಎತ್ತರಕ್ಕೆ ಬಂದು, ತಲಾ ಎರಡು ಎಲೆ ಹಿಡಿದುಕೊಂಡು, ಬಸ್ಸು ತಪ್ಪಿಸಿಕೊಂಡವರ ಹಾಗೆ ನಿಂತಿದ್ದವು. ಸಸಿಗಳು ತಲೆ ಎತ್ತಿರಲಿಲ್ಲ. ಸಂಶಯಗಳು ಮಾತ್ರ ಸೊಂಪಾಗಿ ತಲೆ ಎತ್ತಿದ್ದವು.

"ಶುಕ್ರವಾರ ನರ್ಸರಿ ಅಕ್ಕ ಬರ್ತಾರೆ ಮೇಡಂ" ಎಂದಳು ತಂಗಿ. ಅವಳ ಉಗುರುಗಳಲ್ಲಿ ಆಲ್ಬಂ ಅಂಟಿಸಿದ ಗೋಂದು ಒಣಗಿತ್ತು. "ಆರು ಎಲೆ ಇದ್ರೆ ಅವರ ಗಾಜಿನಮನೆಯಲ್ಲಿ ಒಂದು ಬೆಂಚು ಜಾಗ ಕೊಡ್ತೀನಿ ಅಂದಿದ್ದಾರೆ. ಇಲ್ದಿದ್ರೆ ಆ ಜಾಗ ಟೊಮ್ಯಾಟೊಗೆ ಹೋಗುತ್ತೆ. ಈ ಮನೇಲಿ ಬಿಸಿಲೇ ಇಲ್ಲ, ಕಾಯಿ ಬಿಡೋದು ಹೇಗೆ? ಅಮ್ಮ ನಲವತ್ತು ವರ್ಷ ಕಾಯಿ ಕಾಯಿ ಆರಿಸಿ ಉಳಿಸ್ಕೊಂಡು ಬಂದ ಮೆಣಸಿನಕಾಯಿ ಇದು. ಹಳೇ ಮನೆ ಬಿಟ್ಟ ಮೇಲೆ ಉಳಿದಿದ್ದು ಒಂದೇ ಲಕೋಟೆ. ಅದರಲ್ಲಿದ್ದ ಇಪ್ಪತ್ತೊಂದು ಬೀಜಾನೂ ಹಾಕ್ಬಿಟ್ಟಿದೀನಿ. ಇವು ಹೋದ್ರೆ ಮುಗೀತು."

"ಹೋಗಲ್ಲ, ಸುಮ್ನಿರಮ್ಮ" ಎಂದಳು ನನ್ನ ಹೆಂಡತಿ. "ರೀ, ಈಗ ಉಸಿರಾಡಿ. ಮುಖ ಕೆಂಪಗಾಗ್ತಿದೆ, ಹಣ್ಣು ಮೆಣಸಿನಕಾಯಿ ಥರ."

ಅವಳು ಮೂವತ್ತು ವರ್ಷ ಒಂದು ಶಾಲೆಯ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು. ಊರಿಗೆಲ್ಲ ಗಿಣಿ ಮೇಡಂ. ಗಿಣಿ ಎಂಬ ಹೆಸರು ಮೂಗಿನಿಂದ ಬಂದದ್ದಲ್ಲ (ಇದನ್ನು ನಾನು ಮನೆಯಲ್ಲಿ ದಿನಕ್ಕೊಮ್ಮೆ ಹೇಳಬೇಕು), ಗಂಟಲಿನಿಂದ ಬಂದದ್ದು. ಯಾರ ಧ್ವನಿಯಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ತಿರುಗಿ ಒಪ್ಪಿಸುತ್ತಾಳೆ. ಅವಳ ಪತ್ತೇದಾರಿಕೆಯ ಅರ್ಧ ಬಂಡವಾಳ ಭೂತಗನ್ನಡಿ. ಇನ್ನರ್ಧ ಈ ಗಂಟಲು. ಸುಳ್ಳು ಹೇಳಿದವರಿಗೆ ಅವರ ಸುಳ್ಳನ್ನು ಅವರದೇ ಧ್ವನಿಯಲ್ಲಿ ಕೇಳಿಸಿದರೆ, ತೊಂಬತ್ತು ಭಾಗ ಜನ ಅಲ್ಲೇ ತಿದ್ದಿಕೊಳ್ಳುತ್ತಾರೆ. ತಮ್ಮ ಧ್ವನಿಯನ್ನು ಸಹಿಸಿಕೊಳ್ಳುವುದು ಅಷ್ಟು ಕಷ್ಟ.

ತನಿಖೆ ಮಣ್ಣಿನಿಂದ ಶುರುವಾಯಿತು. ಥರ್ಮಾಮೀಟರು ಚುಚ್ಚಿದಳು: ಇಪ್ಪತ್ತಾರು ಡಿಗ್ರಿ. ಟ್ರೇ ಕೆಳಗಿನ ಕರೆಂಟಿನ ಬಿಸಿ ಚಾಪೆ ತನ್ನ ಕೆಲಸ ಸರಿಯಾಗಿ ಮಾಡುತ್ತಿತ್ತು. ಒಂದು ಕುಂಡ ಎತ್ತಿ ತೂಗಿ ನೋಡಿದಳು: ನೀರು ಹೆಚ್ಚಿಲ್ಲ, ಕಮ್ಮಿಯಿಲ್ಲ. ಟ್ಯೂಬ್‌ಲೈಟು ಸಸಿಗಳಿಂದ ನಾಲ್ಕೇ ಬೆರಳು ಮೇಲೆ. ಒಂದು ಸಸಿಯನ್ನು ಮಣ್ಣಿನ ಸಮೇತ ಅಂಗೈಗೆ ಜಾರಿಸಿ ಬೇರು ನೋಡಿದಳು. ಬೆಳ್ಳಗಿತ್ತು, ಕೊಳೆತ ವಾಸನೆಯಿಲ್ಲ. ಆದರೆ ಚಿಕ್ಕದು. ಕುಂಡದ ಗೋಡೆಯನ್ನು ಇನ್ನೂ ಮುಟ್ಟಿರಲಿಲ್ಲ.

"ವಿಷ ಅಲ್ಲ" ಎಂದಳು.

"ಮತ್ತೆ?"

"ಇಲ್ಲಿ ಬಾ. ಎಲೆ ಅಡಿ ನೋಡು. ಏನು ಬಣ್ಣ?"

ತಂಗಿ ಬಗ್ಗಿದಳು. "ನೇರಳೆ ಥರ ಇದೆ."

"ಚಳಿ ಹಿಡಿದ ಬಣ್ಣ ಅದು. ಮೆಣಸಿನ ಗಿಡಕ್ಕೆ ಕಾಲು ತಣ್ಣಗಾದ್ರೆ ಊಟ ಮೇಲಕ್ಕೆ ಹತ್ತಲ್ಲ. ಈ ಕೋಣೆ ನೋಡಿದ್ರೆ ಬೆಚ್ಚಗಿದೆ. ಥರ್ಮಾಮೀಟರು 'ಎಲ್ಲ ಸರಿ' ಅನ್ನುತ್ತೆ, ಸಸಿ 'ಕಂಬಳಿ ಕೊಡಿ' ಅನ್ನುತ್ತೆ. ಇಬ್ಬರಲ್ಲಿ ಯಾರನ್ನ ನಂಬ್ತೀಯ?"

ಹಾಗೆನ್ನುತ್ತ ಎಲೆಯ ಮೇಲೆ ಬೆರಳಾಡಿಸಿದವಳು ಥಟ್ಟನೆ ನಿಂತಳು. ಬೆರಳು ಅಂಟಿತು. ಮತ್ತೊಂದು ಎಲೆ. ಅದೂ ಅಂಟು. ಗಿಡದ ಹೇನು ಬಿದ್ದರೆ ಹೀಗೆ ಅಂಟಂಟಾಗುತ್ತದೆಂದು ನನಗೂ ಗೊತ್ತು. ಆದರೆ ಭೂತಗನ್ನಡಿಯಲ್ಲಿ ಒಂದು ಹೇನೂ ಕಾಣಲಿಲ್ಲ, ಒಂದು ಇರುವೆಯೂ ಸುಳಿದಿರಲಿಲ್ಲ.

ನನ್ನ ಹೆಂಡತಿ ಆ ಬೆರಳನ್ನು ಬಾಯಿಗಿಟ್ಟುಕೊಂಡಳು.

"ಮೇಡಂ!" ತಂಗಿ ಕಿರುಚಿದಳು. "ವಿಷ ಇದ್ರೆ?"

"ಸಿಹಿ" ಎಂದಳು ಗಿಣಿ ಮೇಡಂ, ಕಣ್ಣು ಮುಚ್ಚಿಕೊಂಡು. "ಸಿಹಿ ಮೆಣಸು. ರೀ, ಈ ಮನೇಲಿ ಏನೋ ತಮಾಷೆ ನಡೀತಿದೆ."

*

ಮುಂದಿನ ಕೌಂಟರಿನಲ್ಲಿ ಅತ್ತಿಗೆ ಕುಳಿತಿದ್ದಳು. ಛಾಯಾಗ್ರಾಹಕನ ಹೆಂಡತಿ; ಗಿರಾಕಿಗಳಿಗೆ ಮೇಕಪ್ಪು ಹಚ್ಚುವುದು, ಕಾಲರು ಸರಿಮಾಡುವುದು, ಅಳುವ ಮಕ್ಕಳನ್ನು ನಗಿಸುವುದು ಅವಳ ಇಲಾಖೆ. ತಂಗಿಯ ಮೊದಲ ಸಂಶಯ ಅವಳ ಮೇಲೇ. ಹಿಂಬದಿಯ ಕೋಣೆ ಅತ್ತಿಗೆಗೆ ಮೇಕಪ್ ರೂಮಾಗಿ ಬೇಕಿತ್ತು.

"ನಾನಾ? ಆ ರೂಮಿಗಾ? ಕಾಲೇ ಇಡಲ್ಲ ನಾನು!" ಎಂದಳು ಅತ್ತಿಗೆ. ಅವಳ ಮಾತಿನ ಪ್ರತಿ ತುಂಡೂ ಕೊನೆಯಲ್ಲಿ ಮೆಟ್ಟಿಲು ಹತ್ತುತ್ತಿತ್ತು. "ಆ ಮಣ್ಣಿನ ವಾಸನೆ ನನಗಾಗಲ್ಲ!"

ನನ್ನ ಹೆಂಡತಿ ಪುಸ್ತಕ ತೆರೆದು ಬರೆದುಕೊಳ್ಳುವವಳಂತೆ ತಲೆ ತಗ್ಗಿಸಿದಳು. ಆಮೇಲೆ ಅತ್ತಿಗೆಯದೇ ಗಂಟಲಿನಲ್ಲಿ, ಮೆಟ್ಟಿಲು ಮೆಟ್ಟಿಲು ಹತ್ತುತ್ತ, "ನಾನಾ? ಆ ರೂಮಿಗಾ? ಕಾಲೇ ಇಡಲ್ಲ ನಾನು!" ಎಂದಳು.

ಅತ್ತಿಗೆ ಕೌಂಟರಿನ ಕನ್ನಡಿ ನೋಡಿಕೊಂಡಳು, ತನ್ನ ತುಟಿ ಅಲ್ಲಾಡಿತೇ ಎಂದು.

"ಅಯ್ಯೋ, ನಾನು ಹಾಗೆ ಎಳೀತೀನಾ? ಅದೂ... ಕಾಲೇ ಇಡಲ್ಲ ಅಂದ್ರೆ, ಬೆಳಿಗ್ಗೆ ಹತ್ತಕ್ಕೆ ಮಾತ್ರ. ಬಾಗಿಲು ತೆಗೆಯೋದಕ್ಕೆ."

"ಯಾರಿಗೆ?"

"ಇನ್ಯಾರಿಗೆ, ಇವರಿಗೆ. ಎರಡು ಕೈಲೂ ಟ್ರೇ ಹಿಡ್ಕೊಂಡು ನಿಂತಿರೋರು ಬಾಗಿಲು ಹಲ್ಲಲ್ಲಿ ತೆಗೀತಾರಾ ಮೇಡಂ?"

"ಟ್ರೇನಾ?" ತಂಗಿಯ ಧ್ವನಿ ಈಗ ಅತ್ತಿಗೆಯದಕ್ಕಿಂತ ಮೇಲಿನ ಮೆಟ್ಟಿಲಲ್ಲಿತ್ತು. "ಟ್ರೇ ಎಲ್ಲಿಗೆ ಹೋಗುತ್ತೆ ಅತ್ತಿಗೆ?"

"ಸ್ಟುಡಿಯೋಗೆ ಕಣೇ. ಫೋಟೋಗೆ. ದಿನಾ ಹೋಗುತ್ತಲ್ಲ, ನಿನಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಎರಡು ಗಂಟೆಯವರೆಗೆ ತಂಗಿ ಪಕ್ಕದ ಬೀದಿಯ ಬೈಂಡಿಂಗ್ ಶಾಪಿನಲ್ಲಿ ಇರುತ್ತಾಳೆ. ಅಣ್ಣ ದಿನಾ ಸಸಿಗಳ ಫೋಟೋ ತೆಗೆಯುತ್ತಾನೆಂದು ಅವಳಿಗೆ ಗೊತ್ತು. ಸಸಿಗಳು ಇದ್ದಲ್ಲಿಗೇ ಬಂದು ತೆಗೆಯುತ್ತಾನೆಂದುಕೊಂಡಿದ್ದಳು.

"ದುಷ್ಟರು ಸಿಗಲಿಲ್ಲವಲ್ಲ" ಎಂದೆ ನಾನು, ನಡೆಯುತ್ತ.

"ಒಳ್ಳೆಯವರನ್ನ ಹಿಡಿಯೋದೇ ಕಷ್ಟ ಕಣ್ರೀ" ಎಂದಳು ಹೆಂಡತಿ. "ಕೆಟ್ಟವರು ಕದ್ದು ಮಾಡ್ತಾರೆ, ಸಿಕ್ಕಿಬೀಳ್ತಾರೆ. ಒಳ್ಳೆಯವರು ಹಾಡಹಗಲೇ ಮಾಡ್ತಾರೆ."

*

ಸ್ಟುಡಿಯೋದ ಬಾಗಿಲು ತೆರೆದದ್ದೇ ನನ್ನ ಕಿವಿ ತಣ್ಣಗಾಯಿತು. ಒಳಗೆ ಎ.ಸಿ. ಹದಿನಾರಕ್ಕೆ ಓಡುತ್ತಿತ್ತು. ದೊಡ್ಡ ದೀಪಗಳ ಕೆಳಗೆ ಗಿರಾಕಿಗಳ ಪೌಡರು ಬೆವರಿ ಇಳಿಯಬಾರದು ಎಂಬುದು ಆ ಸ್ಟುಡಿಯೋದ ಮೊದಲ ನಿಯಮ.

ಛಾಯಾಗ್ರಾಹಕ ಸ್ವೆಟರು ಹಾಕಿಕೊಂಡೇ ಕೆಲಸ ಮಾಡುತ್ತಿದ್ದ. ದುಂಡು ಮನುಷ್ಯ, ಮೆದು ಮಾತು. ಎದುರಿಗಿದ್ದವರೆಲ್ಲ ಪಾಸ್‌ಪೋರ್ಟ್ ಫೋಟೋಗೆ ಬಂದವರೆಂಬಂತೆ ಮಾತನಾಡುವುದು ಅವನ ಅಭ್ಯಾಸ.

"ಬನ್ನಿ ಮೇಡಂ, ಬನ್ನಿ. ಹಾಂ, ಅಲ್ಲೇ ನಿಲ್ಲಿ. ಚೆನ್ನಾಗಿದೆ. ಸಸಿಗಳಾ? ಹೌದು, ತರ್ತೀನಿ. ಹತ್ತೇ ನಿಮಿಷ. ತಂದೆ, ಕ್ಲಿಕ್, ವಾಪಸ್. ಅಷ್ಟೇ."

"ಹತ್ತೇ ನಿಮಿಷ" ಎಂದಿತು ಅವನದೇ ಧ್ವನಿ, ನನ್ನ ಹೆಂಡತಿಯ ಬಾಯಿಂದ. "ತಂದೆ, ಕ್ಲಿಕ್, ವಾಪಸ್. ಗದ್ದ ಸ್ವಲ್ಪ ಎತ್ತಿ. ಸುಳ್ಳು ಸ್ವಲ್ಪ ಎಡಕ್ಕೆ."

ಅವನು ನಕ್ಕುಬಿಟ್ಟ. ನಕ್ಕು, ಸೋತ.

"ಹತ್ತು ನಿಮಿಷ ಫೋಟೋಗೆ ಮೇಡಂ. ಮೊದಲು ಲೈಟು ಹೊಂದಿಸ್ಬೇಕಲ್ಲ. ಇಪ್ಪತ್ತೊಂದು ಜನದಲ್ಲಿ ಚೆನ್ನಾಗಿ ಕಾಣೋರನ್ನ ಆರಿಸೋದು ಅಂದ್ರೆ ಸುಮ್ನೇನಾ? ಅಷ್ಟರಲ್ಲಿ ಯಾರಾದ್ರೂ ಗಿರಾಕಿ ಬರ್ತಾರೆ. ಆಗ ಟ್ರೇನ ಆ ಕಲ್ಲು ಬೆಂಚಿನ ಮೇಲೆ ಇಡ್ತೀನಿ. ಆಮೇಲೆ... ಒಂದೂವರೆಗೆ, ಊಟದ ಹೊತ್ತಿಗೆ ವಾಪಸ್ ಇಡ್ತೀನಿ."

"ಹತ್ತು ಗಂಟೆಯಿಂದ ಒಂದೂವರೆ ತನಕ. ಎ.ಸಿ. ಗಾಳಿ ಕೆಳಗೆ. ಕಲ್ಲಿನ ಮೇಲೆ." ಗಿಣಿ ಮೇಡಂ ಬೆಂಚಿನ ಮೇಲೆ ಅಂಗೈ ಇಟ್ಟು ತೆಗೆದಳು. "ಅದರ ಮೇಲೆ ಸ್ಪ್ರೇ ಬೇರೆ. ಎಲ್ಲಿದೆ ಬಾಟ್ಲಿ?"

"ಅದು ಹೇಗೆ ಗೊತ್ತಾಯ್ತು?"

"ರುಚಿ ನೋಡಿದೆ."

ಅವನು ಪುಟ್ಟ ಫ್ರಿಜ್ಜು ತೆರೆದು ಸ್ಪ್ರೇ ಬಾಟ್ಲಿ ತಂದ. ಹೊರಗೆಲ್ಲ ಹನಿ ಕಟ್ಟಿದ, ಮುಟ್ಟಿದರೆ ಬೆರಳು ಜುಮ್ಮೆನ್ನುವ ತಂಪು. "ಬರೀ ನೀರು ಉರುಳಿ ಹೋಗುತ್ತೆ ಮೇಡಂ. ಅರ್ಧಕ್ಕರ್ಧ ಗ್ಲಿಸರಿನ್, ಆ ಸಿಹಿ ಅಂಟು, ಬೆರೆಸಿದ್ರೆ ಹನಿ ಮುತ್ತಿನ ಹಾಗೆ ಕೂರುತ್ತೆ. ತಣ್ಣಗಿದ್ರಂತೂ ಇನ್ನೂ ಚೆನ್ನ. ಹಣ್ಣಿನ ಫೋಟೋ, ಹೂವಿನ ಫೋಟೋ, ಎಲ್ಲದಕ್ಕೂ ಇದೇ. ಮುಖದಲ್ಲಿ ಒಂದು ಕಳೆ ಬರುತ್ತೆ."

"ಕಳೆ ಬಂದಿದೆ" ಎಂದಳು ನನ್ನ ಹೆಂಡತಿ. "ಎಲೆ ಉಸಿರಾಡೋ ತೂತಿಗೆಲ್ಲ ಅಂಟು ಮೆತ್ತಿದೀರಿ. ನಲವತ್ತೇಳು ದಿನ, ದಿನಕ್ಕೆ ಮೂರೂವರೆ ಗಂಟೆ ಚಳಿ ಸ್ನಾನ. ಸಾಯಂಕಾಲ ಬಿಸಿ ಚಾಪೆ. ನಿಮ್ಮನ್ನ ದಿನಾ ಫ್ರಿಜ್ಜಲ್ಲಿಟ್ಟು ತೆಗೆದಿದ್ರೆ ನೀವೂ ಗೆಣ್ಣುದ್ದ ಇರ್ತಿದ್ರಿ."

ಸಸಿಗಳ ಪಾಲಿಗೆ ನಮ್ಮ ಛಾಯಾಗ್ರಾಹಕ ಛಾಯಾಗ್ರಹವೇ ಆಗಿಬಿಟ್ಟಿದ್ದ. ಆದರೆ ಅದನ್ನು ಹೇಳಿ ನಗಿಸುವ ಹೊತ್ತಲ್ಲ ಅದು. ಅವನ ಮುಖ ಇಳಿದುಹೋಗಿತ್ತು.

"ನಾನಾ?" ಎಂದ. "ನಾನೇನಾ?"

ತಂಗಿ ಅಳುವುದೋ ಹೊಡೆಯುವುದೋ ತಿಳಿಯದೆ ನಿಂತಿದ್ದಳು. "ದಿನಾ ಯಾಕೋ ಫೋಟೋ? ವಾರಕ್ಕೊಂದು ಸಾಕಿತ್ತಲ್ಲ!"

ಅವನ ಕಣ್ಣು ಮೇಜಿನ ಡ್ರಾಯರಿನತ್ತ ಹೋಯಿತು. ನನ್ನ ಹೆಂಡತಿಯೇ ಡ್ರಾಯರು ಎಳೆದಳು. ಪ್ರತಿ ದಿನದ ಫೋಟೋದ ಎರಡನೇ ಪ್ರತಿ ಅಲ್ಲಿ ತಾರೀಖಿನ ಪ್ರಕಾರ ಜೋಡಿಸಿತ್ತು. ಅವಳು ಅವನ್ನು ಬೆಂಚಿನ ಮೇಲೆ ಸಾಲಾಗಿ ಹರಡಿದಳು. ನಾನು ಮೊದಲಿಂದ ಕೊನೆಗೆ ಕಣ್ಣು ಹಾಯಿಸಿ ಬೆರಗಾದೆ. ಹತ್ತನೇ ದಿನ ಎರಡು ಎಲೆಯ ಕಡ್ಡಿ. ಇಪ್ಪತ್ತನೇ ದಿನ ಇನ್ನಷ್ಟು ಎತ್ತರ. ನಿನ್ನೆಯ ಫೋಟೋದಲ್ಲಿ ಒಂದು ಸಸಿ ಹಾಳೆಯ ಅಂಚಿನಿಂದ ಅಂಚಿಗೆ ಮರದ ಹಾಗೆ ನಿಂತಿತ್ತು.

"ಬೆಳೆದಿವೆಯಲ್ಲೇ!" ಎಂದೆ.

"ಸಸಿ ನೋಡಬೇಡಿ. ಮಣ್ಣು ನೋಡಿ. ಅದರಲ್ಲಿ ಬಿಳಿ ಹರಳಿವೆಯಲ್ಲ, ಅದನ್ನ."

ನೋಡಿದೆ. ಹತ್ತನೇ ದಿನ ಹರಳುಗಳು ಸಾಸಿವೆಯಷ್ಟಿದ್ದವು. ಇಪ್ಪತ್ತನೇ ದಿನ ಕಡಲೆಯಷ್ಟು. ನಿನ್ನೆ ಒಂದೊಂದೂ ನಿಂಬೆಹಣ್ಣು. ಕುಂಡದ ಅಂಚು ಯಾವತ್ತೋ ಫೋಟೋದಿಂದ ಹೊರಗೆ ಹೋಗಿತ್ತು.

"ಸಸಿ ಬೆಳೆದಿಲ್ಲ, ಮಣ್ಣು ಬೆಳೆದಿದೆ" ಎಂದಳು ಅವಳು. ಈ ಸಲ ತನ್ನ ಸ್ವಂತ ಧ್ವನಿಯಲ್ಲಿ, ಮೆಲ್ಲಗೆ. "ಕ್ಯಾಮೆರಾ ದಿನಾ ಒಂದೊಂದು ಬೆರಳು ಹತ್ತಿರ ಹೋಗಿದೆ. ಯಾರಿಗೋಸ್ಕರ?"

ಛಾಯಾಗ್ರಾಹಕ ಬೆಂಚಿನ ತುದಿಯಲ್ಲಿ ಕುಳಿತ.

"ಅಮ್ಮನಿಗೆ. ಮೊಣಕಾಲು ಹಿಡ್ಕೊಂಡ ಮೇಲೆ ಮಹಡಿ ಇಳಿದಿಲ್ಲ. ಕಣ್ಣಿಗೂ ಪೊರೆ. ದಿನಾ ಸಾಯಂಕಾಲ 'ಎಷ್ಟು ಬೆಳೆದ್ವೋ, ತೋರ್ಸೋ' ಅಂತಾಳೆ. ದೊಡ್ಡದಾಗಿ ಪ್ರಿಂಟ್ ಹಾಕಿ ಕೊಡ್ತೀನಿ, ಮೂಗಿಗೆ ಹಿಡ್ಕೊಂಡು ನೋಡ್ತಾಳೆ. ಒಂದು ವಾರ ಅವು ಬೆಳೀಲಿಲ್ಲ. ಅವತ್ತು ಅಮ್ಮ ಊಟ ಬಿಟ್ಲು. ಮಾರನೇ ದಿನ ಸ್ವಲ್ಪ ಹತ್ತಿರ ಹೋಗಿ ತೆಗೆದೆ, ಅಷ್ಟೇ. 'ಚೆನ್ನಾಗಿ ಬರ್ತಿವೆ ಕಣೋ' ಅಂತ ಎರಡು ಸಲ ಬಡಿಸ್ಕೊಂಡ್ಲು." ಅವನು ಸ್ವೆಟರಿನ ತೋಳಿನಿಂದ ಮೂಗು ಒರೆಸಿಕೊಂಡ. "ಬೆಳೆಸ್ತಿದೀನಿ ಅಂದ್ಕೊಂಡಿದ್ದೆ. ಕೊಲ್ತಿದ್ದೆ."

ತಂಗಿ ಹೋಗಿ ಅವನ ಪಕ್ಕ ಕುಳಿತಳು. ಬೆನ್ನಿಗೊಂದು ಗುದ್ದು ಕೊಟ್ಟಳು, ಆಮೇಲೆ ಅಲ್ಲೇ ಕೈಯಿಟ್ಟಳು.

"ಯಾರೂ ಸತ್ತಿಲ್ಲ" ಎಂದಳು ಗಿಣಿ ಮೇಡಂ. "ಬೇರು ಬೆಳ್ಳಗಿದೆ. ಉಗುರುಬೆಚ್ಚನೆ ನೀರು, ಮೆತ್ತನೆ ಬ್ರಷ್ಷು, ಒಂದೊಂದು ಎಲೆ ತೊಳೀರಿ. ಟ್ರೇ ಆ ಕೋಣೆ ಬಿಟ್ಟು ಅಲ್ಲಾಡಬಾರದು. ಶುಕ್ರವಾರಕ್ಕೆ ಆರೆಲೆ ಬರಲ್ಲ, ಅದು ಸುಳ್ಳು. ಆದ್ರೆ ನೆತ್ತೀಲಿ ಹೊಸ ಚಿಗುರು ಕಣ್ಣು ಬಿಟ್ಟಿರುತ್ತೆ. ನರ್ಸರಿ ಅಕ್ಕ ಗಿಡ ಬಲ್ಲವರು. ನಿಜ ಹೇಳಿ, ಚಿಗುರು ತೋರಿಸಿ, ಹದಿನೈದು ದಿನ ಕೇಳಿ."

ಅತ್ತಿಗೆ ಆಗಲೇ ತನ್ನ ಅತ್ಯಂತ ಮೃದುವಾದ ಮೇಕಪ್ ಬ್ರಷ್ಷು ತಂದಿದ್ದಳು. "ತಗೊಳೇ" ಎಂದಳು ನಾದಿನಿಗೆ. "ಇದರ ಬೆಲೆ ಕೇಳಬೇಡ. ನಿನ್ನ ಮದುವೆಗೂ ತೆಗೆದಿರಲಿಲ್ಲ."

ನಾಲ್ಕೂ ಜನ ಹಿಂಬದಿಯ ಕೋಣೆಗೆ ನುಗ್ಗಿ, ಎಲೆಗಳಿಗೆ ಸ್ನಾನ ಮಾಡಿಸತೊಡಗಿದರು. ಛಾಯಾಗ್ರಾಹಕ ನೀರು ಕಾಯಿಸುವುದು, ಅತ್ತಿಗೆ ಬ್ರಷ್ಷು ಆಡಿಸುವುದು, ತಂಗಿ ಲೆಕ್ಕ ಹಾಕುವುದು, ನನ್ನವಳು ಎಲ್ಲರಿಗೂ ಅವರವರ ಧ್ವನಿಯಲ್ಲೇ ಬೈಯುವುದು. ಪ್ರಕರಣ ಮುಗಿಯಿತೆಂದು ನಾನು ಚೀಲದ ಜಿಪ್ಪು ಎಳೆದೆ.

ಆಗ ಕೌಂಟರಿನ ಗಂಟೆ ಸದ್ದು ಮಾಡಿತು.

*

ಬಂದವರು ನರ್ಸರಿ ಅಕ್ಕ. ರಬ್ಬರ್ ಬೂಟು, ತಲೆಗೆ ಕಟ್ಟಿದ ಬಟ್ಟೆ. ಕೈಯಲ್ಲಿ ಒಂದು ಕುಂಡ. ಕುಂಡದಲ್ಲಿ ಮೊಣಕೈಯುದ್ದದ ಮೆಣಸಿನ ಗಿಡ, ಗಿಡದ ತುಂಬ ಮೊಗ್ಗು.

"ಶುಕ್ರವಾರದ ತನಕ ಯಾಕೆ ಕಾಯೋದು ಅಂತ ಬಂದೆ" ಎಂದರು. "ಹತ್ತು ದಿನದ ಹಿಂದೆ ಒಂದನ್ನ ಕಳಿಸಿದ್ರಲ್ಲ, ನೋಡಿ ಹೇಗೆ ಬಂದಿದೆ! ಉಳಿದ ಇಪ್ಪತ್ತೂ ಹೀಗೇ ಇದ್ರೆ ಒಂದಲ್ಲ, ಎರಡು ಬೆಂಚು ಕೊಡ್ತೀನಿ."



"ನಾವು ಯಾವ ಗಿಡಾನೂ ಕಳಿಸಿಲ್ಲ ಅಕ್ಕ" ಎಂದಳು ತಂಗಿ.

"ಕಳಿಸಿಲ್ವಾ? ಗೇಟಿನ ಹತ್ರ ಇಟ್ಟು ಹೋಗಿದ್ರಪ್ಪ. ಚೀಟಿ ಸಮೇತ. ಕುಂಡದ ಮೇಲೆ ನಿಮ್ಮ ಸ್ಟುಡಿಯೋ ಹೆಸರೂ ಇತ್ತು."

"ಮೊಗ್ಗು ಬರಬೇಕಾದ್ರೆ ಎಂಬತ್ತು ದಿನವಾದ್ರೂ ಬೇಕು" ಎಂದಳು ನನ್ನ ಹೆಂಡತಿ ನಿಧಾನವಾಗಿ. "ಅಮ್ಮನ ಲಕೋಟೆ ಯಾವಾಗ ತೆಗೆದ್ರಿ?"

"ನಲವತ್ತೇಳು ದಿನದ ಹಿಂದೆ. ಎಲ್ಲರ ಎದುರಿಗೇ. ಅಮ್ಮನೇ ಅಂಟಿಸಿ ಇಟ್ಟಿದ್ದು, ಅಂಟು ಹಾಗೇ ಇತ್ತು" ಎಂದಳು ತಂಗಿ.

"ಅಂದ್ರೆ ಲಕೋಟೆ ತೆರೆಯೋ ಮೊದಲೇ ಈ ಗಿಡ ಹುಟ್ಟಿದೆ. ಟ್ರೇ ಎತ್ತಿ. ಮೇಲೆ ಹೋಗೋಣ."

"ಈಗ ತಾನೇ ಅಲ್ಲಾಡಬಾರದು ಅಂದ್ರಿ!"

"ಎ.ಸಿ. ಹತ್ರ ಅಂದೆ. ಅಮ್ಮನ ಹತ್ರ ಅಲ್ಲ."

ಮಹಡಿಯ ಕೋಣೆಯಲ್ಲಿ ಅಮ್ಮ ಹಾಸಿಗೆಯ ಮೇಲೆ ನೆಟ್ಟಗೆ ಕುಳಿತಿದ್ದರು. ಗೋಡೆಯ ತುಂಬ ಫೋಟೋಗಳು. ನಲವತ್ತೇಳು ದಿನದಲ್ಲಿ ಸಸಿಗಳು ಸ್ವತಃ ಆ ಕೋಣೆಗೆ ಬಂದದ್ದು ಅದೇ ಮೊದಲ ಸಲ. ಫೋಟೋ ಇರುವಾಗ ಸಸಿ ಹೊತ್ತು ತರಬೇಕೆಂದು ಯಾರಿಗೂ ತೋಚಿರಲಿಲ್ಲ.

"ತಂದ್ಯಾ? ಕೊಡೇ ಇಲ್ಲಿ" ಎಂದು ಅಮ್ಮ ಕೈ ಚಾಚಿದರು. ಮಗಳು ಟ್ರೇಯನ್ನು ಮಡಿಲಲ್ಲಿಟ್ಟಳು. ಅಮ್ಮ ಕಣ್ಣಿನ ಗೋಜಿಗೇ ಹೋಗಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಒಂದು ಸಸಿಯ ದಂಟನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಸವರಿದರು. ಇನ್ನೊಂದು. ಮತ್ತೊಂದು.

"ಗಿಡ್ಡಕ್ಕಿವೆ ಕಣೋ" ಎಂದರು ಮಗನಿಗೆ. ಅವನು ತಲೆ ತಗ್ಗಿಸಿದ. "ಇರ್ಲಿ ಬಿಡು, ಅದಲ್ಲ. ನುಣ್ಣಗಿವೆ. ನನ್ನ ಮೆಣಸಿನ ದಂಟಿಗೆ ಹುಟ್ಟಿದಾಗಿಂದ ನವಿರು ಕೂದಲು. ಬೆಕ್ಕಿನ ಕಿವಿ ಮುಟ್ಟಿದ ಹಾಗಿರುತ್ತೆ. ಇವು ಯಾರ ಸಸಿಗಳು? ನನ್ನವಲ್ಲ."

ನರ್ಸರಿ ಅಕ್ಕ ಸದ್ದಿಲ್ಲದೆ ತಮ್ಮ ಕುಂಡವನ್ನು ಮುಂದೆ ಹಿಡಿದರು. ಅಮ್ಮನ ಬೆರಳು ದಂಟನ್ನು ಮುಟ್ಟಿತು. ಮುಖ ಅರಳಿತು.

"ಇದು ನನ್ನದು."

ತಂಗಿ ನನ್ನ ಹೆಂಡತಿಯ ತೋಳು ಹಿಡಿದುಕೊಂಡಳು. ಇಪ್ಪತ್ತೊಂದು ಸಸಿಗಳನ್ನು ಉಳಿಸಿಕೊಟ್ಟ ಕಾಲು ಗಂಟೆಗೆ ಅವಳ ಬಳಿ ಒಂದು ಸಸಿಯೂ ಉಳಿದಿರಲಿಲ್ಲ. ಅಮ್ಮನ ಮೆಣಸಿನಕಾಯಿ ಈಗ ಇಡೀ ಜಗತ್ತಿನಲ್ಲಿ ಒಂದೇ ಕುಂಡದಲ್ಲಿತ್ತು. ಆ ಕುಂಡ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ.

"ಚೀಟಿ?" ಎಂದಳು ಗಿಣಿ ಮೇಡಂ.

ನರ್ಸರಿ ಅಕ್ಕ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ನೀಲಿ ಶಾಯಿಯ ಒಂದೇ ಸಾಲು: 'ಇದು ನಿಮ್ಮಲ್ಲೇ ಇರಲಿ. ನಮ್ಮ ಮನೆಯಲ್ಲಿ ಇದನ್ನು ಉಳಿಯಗೊಡುವುದಿಲ್ಲ.'

ಛಾಯಾಗ್ರಾಹಕ ಇಣುಕಿ ನೋಡಿ ಬಿಳಿಚಿಕೊಂಡ. "ಅಮ್ಮಾ, ಇದು ನಿನ್ನ ಅಕ್ಷರ. ಆ ಉದ್ದ ಕೊಂಬು ಬೇರೆ ಯಾರು ಎಳೀತಾರೆ? ನೀನೇ ಬರೆದದ್ದಾ?"

ಅಮ್ಮ ಕಾಗದವನ್ನು ಮೂಗಿನ ತುದಿಗೆ ಹಿಡಿದುಕೊಂಡರು. ಒಂದೊಂದೇ ಅಕ್ಷರದ ಮೇಲೆ ಕಣ್ಣು ಎಳೆದುಕೊಂಡು ಹೋದರು. ಕೊನೆಗೆ ಅದನ್ನು ಮಡಿಸಿ ನನ್ನ ಹೆಂಡತಿಯ ಕೈಯಲ್ಲಿಟ್ಟರು.

"ಅಕ್ಷರ ನನ್ನದೇ ಕಣಮ್ಮ" ಎಂದರು. "ಬರೆದದ್ದು ನಾನಲ್ಲ. ನೀನು ಧ್ವನಿ ಒಪ್ಪಿಸೋ ಹಾಗೆ, ಯಾರೋ ನನ್ನ ಅಕ್ಷರ ಒಪ್ಪಿಸಿದ್ದಾರೆ."